ಚರ್ಮ ಒಪ್ಪುವವರೆಗೆ ಕಾದ ಶಸ್ತ್ರಚಿಕಿತ್ಸೆ: ಮೊಣಕಾಲಿನ ಜಟಿಲ ಮುರಿತದ ಒಂದು ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಡುವೆ ಬಿಸಿಲು ಕಂಡಾಗ ಇನ್ನೊಮ್ಮೆ ಶೇ. 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಊರಿನವರ ಮಾತಿನಲ್ಲಿ ಇದು ಮದ್ದು ಬಿಡುವ ಕೆಲಸ. ಎರಡನೆಯ ಮದ್ದಿನ ಹೊತ್ತಿಗೆ ಮರದ ಕಾಂಡ ಪಾಚಿಗಟ್ಟಿ ಜಾರುತ್ತಿರುತ್ತದೆ. ಕೆಲಸದವರು ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿಕೊಂಡು ಹತ್ತಿ, ಪೈಪನ್ನು ಹಿಡಿದುಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾರೆ. ಮರದಿಂದ ಬಿದ್ದವರು ನಮ್ಮ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೆಚ್ಚಾಗಿ ಬರುವುದು ಈ ತಿಂಗಳುಗಳಲ್ಲಿಯೇ. ಇಲ್ಲಿ ವಿವರಿಸುವ ಪ್ರಕರಣವೂ ಜುಲೈ ತಿಂಗಳಿನದು. ರೋಗಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗುವ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಅವರಿಗೆ 44 ವರ್ಷ. ಪ್ರಾಯಕ್ಕೆ ಬಂದಂದಿನಿಂದ ಮರ ಹತ್ತುವುದೇ ವೃತ್ತಿ. ಮರದಿಂದ ಮರಕ್ಕೆ ದಾಟುವಾಗ ಹಿಡಿತ ತಪ್ಪಿ ಸುಮಾರು 20 ಅಡಿ ಎತ್ತರದಿಂದ ನೇರವಾಗಿ ಎಡಗಾಲಿನ ಮೇಲೆ ಬಿದ್ದರು. ತೋಟದಲ್ಲಿದ್ದವರು ಅವರನ್ನು ಎಬ್ಬಿಸಿ ನಿಲ್ಲಿಸಲು ಹೋಗಲಿಲ್ಲ, ಕಾಲನ್ನು ಎಳೆದು ನೆಟ್ಟಗೆ ಮಾಡಲಿಲ್ಲ, ಎಣ್ಣೆ ಹಚ್ಚಿ ತಿಕ್ಕಲೂ ಇಲ್ಲ. ಒಣಗಿದ ಎರಡು ಅಡಿಕೆ ಹಾಳೆಗಳನ್ನು ಕಾಲಿನ ಎರಡೂ ಬದಿಗೆ ತೊಡೆಯಿಂದ ಪಾದದವರೆಗೆ ಇಟ್ಟು, ಬೈರಾಸಿನಿಂದ ಸಡಿಲವಾಗಿ ಕಟ್ಟಿ, ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಕಾಸರಗೋಡಿಗೆ ಕರೆತಂದರು. ಮುರಿದ ತುಂಡುಗಳು ಅಲುಗಾಡಿದಷ್ಟೂ ಒಳಗಿನ ಮಾಂಸಕ್ಕೂ ರಕ್ತನಾಳಕ್ಕೂ ಪೆಟ್ಟು ಹೆಚ್ಚುವುದರಿಂದ, ಹಾಳೆಯ ಆ ಕಟ್ಟು ಮುಂದಿನ ಎಲ್ಲ ಚಿಕಿತ್ಸೆಗೂ ಸರಿಯಾದ ಆರಂಭವಾಗಿತ್ತು. ಕಟ್ಟು ಸಡಿಲವಾಗಿದ್ದದ್ದು ಕೂಡ ಮುಖ್ಯ. ಊತ ಏರುತ್ತಿರುವ ಕಾಲಿಗೆ ಬಿಗಿದು ಕಟ್ಟಿದರೆ ಆ ಕಟ್ಟೇ ಅಪಾಯವಾಗುತ್ತದೆ.

ಬಂದಾಗಿನ ಸ್ಥಿತಿ

ಆಸ್ಪತ್ರೆ ತಲಪುವಾಗ ಬಿದ್ದು ಮೂರು ಗಂಟೆಯಾಗಿತ್ತು. ಪ್ರಜ್ಞೆ ಸ್ಪಷ್ಟವಾಗಿತ್ತು, ರಕ್ತದೊತ್ತಡ ಸರಿಯಿತ್ತು. ಎತ್ತರದಿಂದ ಕಾಲಿನ ಮೇಲೆ ಬಿದ್ದವರಲ್ಲಿ ಪೆಟ್ಟಿನ ಬಲ ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ ಮತ್ತು ಬೆನ್ನೆಲುಬಿಗೆ ಏರುತ್ತದೆ. ಮೊಣಕಾಲಿನ ನೋವು ಎಷ್ಟು ತೀವ್ರವಾಗಿರುತ್ತದೆಂದರೆ ರೋಗಿಗೆ ಬೇರೆ ಕಡೆಯ ನೋವು ಗೊತ್ತಾಗದೆ ಹೋಗಬಹುದು. ಹಾಗಾಗಿ ಹಿಮ್ಮಡಿ, ಸೊಂಟ, ಬೆನ್ನು ಮೂರನ್ನೂ ಪರೀಕ್ಷಿಸಿ ಎಕ್ಸ್‌ರೇ ತೆಗೆಸಿದೆವು, ಅಲ್ಲೆಲ್ಲೂ ಮುರಿತವಿರಲಿಲ್ಲ.

ಎಡ ಮೊಣಕಾಲು ಬಾತು, ಅದರ ಕೆಳಗಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ಗಾಯ ತೆರೆದುಕೊಂಡಿರಲಿಲ್ಲ. ಪಾದದ ಮೇಲಿನ ನಾಡಿ ಬಲಗಾಲಿಗಿಂತ ಕ್ಷೀಣವಾಗಿ ಸಿಗುತ್ತಿತ್ತು. ಮೊಣಕಾಲಿನ ಹಿಂದೆ ಹಾದುಹೋಗುವ ಪಾಪ್ಲಿಟಿಯಲ್ ರಕ್ತನಾಳ ಮೇಲೂ ಕೆಳಗೂ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ, ಮೂಳೆ ಅತ್ತಿತ್ತ ಸರಿದಾಗ ಅದು ಜಾರಿಕೊಳ್ಳಲಾರದೆ ಎಳೆತಕ್ಕೆ ಸಿಕ್ಕಿ ಒಳಗೊಳಗೇ ಹರಿಯುವ ಸಂಭವವಿದೆ. ಅದನ್ನು ಗಮನಿಸದಿದ್ದರೆ ಕಾಲೇ ಹೋಗಬಹುದು. ಆದ್ದರಿಂದ ಕಾಲನ್ನು ನಿಧಾನವಾಗಿ ನೇರ ಮಾಡಿ ಪಟ್ಟಿಯ ಆಧಾರ ಕೊಟ್ಟ ಮೇಲೆ, ಡಾಪ್ಲರ್ ಉಪಕರಣದಿಂದ ಕಾಲಿನ ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸಿದೆವು. ಈ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳದ ಸಿ.ಟಿ. ಚಿತ್ರ ತೆಗೆಸದೆ ಮುಂದುವರಿಯಬಾರದು. ಇವರಲ್ಲಿ ಅದು 1ರ ಸಮೀಪವಿತ್ತು, ನಾಡಿಯೂ ಚೇತರಿಸಿಕೊಂಡಿತು. ಕಾಲಿನ ಹೊರಬದಿಯಲ್ಲಿ ಫಿಬುಲಾ ಮೂಳೆಯ ಕುತ್ತಿಗೆಯನ್ನು ಸುತ್ತಿ ಬರುವ ಪೆರೋನಿಯಲ್ ನರ ಪೆಟ್ಟಾದರೆ ಪಾದವನ್ನು ಮೇಲೆತ್ತಲು ಆಗುವುದಿಲ್ಲ. ಇವರು ಪಾದ ಮತ್ತು ಹೆಬ್ಬೆರಳನ್ನು ಚೆನ್ನಾಗಿ ಎತ್ತುತ್ತಿದ್ದರು. ಈ ಎರಡು ಸಂಗತಿಗಳನ್ನು ಗಂಟೆ ಸಮೇತ ಕೇಸ್‌ಶೀಟಿನಲ್ಲಿ ಬರೆದಿಟ್ಟೆವು. ನಾಳೆ ಪಾದ ಎತ್ತಲಾಗದಿದ್ದರೆ ಅದು ಬಿದ್ದಾಗ ಆದದ್ದೋ ಆಮೇಲೆ ಆದದ್ದೋ ಎಂದು ಹೇಳಲು ಆ ಬರಹವೊಂದೇ ಆಧಾರ.

ರಕ್ತಪರೀಕ್ಷೆಯಲ್ಲಿ ಸಕ್ಕರೆ 240 ಇತ್ತು, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 8.1. ತನಗೆ ಸಕ್ಕರೆ ಕಾಯಿಲೆಯಿದೆ ಎಂಬುದು ಅವರಿಗೆ ಗೊತ್ತಾದದ್ದೇ ಅಂದು.

ಎಕ್ಸ್‌ರೇಯಲ್ಲಿ ಕಂಡದ್ದು

ತೊಡೆಮೂಳೆಯ ಎರಡು ಗುಂಡಗಿನ ತುದಿಗಳು ಟಿಬಿಯಾ ಎಂಬ ಕೆಳಗಿನ ದೊಡ್ಡ ಮೂಳೆಯ ಅಗಲವಾದ ತಲೆಯ ಮೇಲೆ ಕುಳಿತಿವೆ. ಆ ತಲೆಯ ಒಳಬದಿ ಸ್ವಲ್ಪ ತಗ್ಗು, ಹೊರಬದಿ ಸ್ವಲ್ಪ ಉಬ್ಬು; ದೇಹದ ಭಾರದಲ್ಲಿ ಹೆಚ್ಚಿನ ಪಾಲು ಒಳಬದಿಯ ಮೇಲೆ ಬೀಳುತ್ತದೆ, ಹಾಗಾಗಿ ಅಲ್ಲಿನ ಮೂಳೆಯೂ ಗಟ್ಟಿ. ಕೆನಡಾದ ಟೊರಾಂಟೊದಲ್ಲಿ ಜೋಸೆಫ್ ಶಾಟ್ಸ್‌ಕರ್ ಮತ್ತು ಸಂಗಡಿಗರು 1979ರಲ್ಲಿ ಈ ಭಾಗದ ಮುರಿತಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಮೊದಲ ಮೂರು ಹೊರಬದಿಗೆ ಮಾತ್ರ ಸಂಬಂಧಿಸಿದವು, ನಾಲ್ಕನೆಯದು ಒಳಬದಿಯದು, ಐದನೆಯದರಲ್ಲಿ ಎರಡೂ ಬದಿ ಒಡೆದಿರುತ್ತವೆ. ಆರನೆಯದರಲ್ಲಿ ಕೀಲಿನ ತಲೆಗೂ ಕೆಳಗಿನ ಮೂಳೆದಂಡಕ್ಕೂ ಸಂಬಂಧವೇ ಕಡಿದುಹೋಗಿರುತ್ತದೆ. ನಮ್ಮ ರೋಗಿಯದು ಈ ಆರನೆಯ ಬಗೆ.

ಇದರ ಜೊತೆಗೆ ಹೊರಬದಿಯ ಕೀಲುಮೇಲ್ಮೈ ಒಳಕ್ಕೆ ಕುಸಿದಿತ್ತು. ಸಾರಣೆ ಮಾಡಿದ ನೆಲದ ಅಡಿಯ ಮಣ್ಣು ಕುಸಿದಾಗ ಮೇಲಿನ ಗಾರೆ ಒಡೆದು ತಗ್ಗಾಗುವಂತೆ, ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯ (ಕಾರ್ಟಿಲೇಜ್) ಪದರ ತನ್ನ ಅಡಿಯ ಸ್ಪಂಜಿನಂಥ ಮೂಳೆಯೊಂದಿಗೆ ಕೆಳಗಿಳಿದುಬಿಟ್ಟಿರುತ್ತದೆ. ಹೊರಗಿನಿಂದ ಎಳೆದು ಪಟ್ಟಿ ಹಾಕಿದರೆ ಸುತ್ತಲಿನ ತುಂಡುಗಳು ಒಂದು ಮಟ್ಟಿಗೆ ಜಾಗಕ್ಕೆ ಬರಬಹುದು. ಆದರೆ ಕುಸಿದ ಈ ಭಾಗಕ್ಕೆ ಮೂಳೆಗಳನ್ನು ಬಂಧಿಸುವ ಯಾವ ಅಸ್ಥಿರಜ್ಜುವೂ ಅಂಟಿಕೊಂಡಿಲ್ಲವಾದ್ದರಿಂದ ಎಷ್ಟು ಎಳೆದರೂ ಅದು ಮೇಲೇಳುವುದಿಲ್ಲ. ಅದನ್ನು ಕೆಳಗಿನಿಂದ ಎತ್ತಿಯೇ ಕೂರಿಸಬೇಕು. ಕಟ್ಟಿನಿಂದಲೋ ಪ್ಲಾಸ್ಟರಿನಿಂದಲೋ ಇಂಥ ಮುರಿತವನ್ನು ಸರಿಪಡಿಸುವುದು ಸಾಧ್ಯವಿಲ್ಲ ಎಂಬುದಕ್ಕೆ ಕಾರಣ ಇದು. ನಾಟಿ ವೈದ್ಯರ ಕೈಗುಣದ ಬಗ್ಗೆ ನಮ್ಮ ಊರುಗಳಲ್ಲಿ ಗೌರವವಿದೆ, ಕೈಯ ಸಾಮಾನ್ಯ ಮುರಿತಗಳು ಕಟ್ಟಿನಲ್ಲಿ ಕೂಡಿಕೊಂಡದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಕೀಲಿನ ಮೇಲ್ಮೈ ಒಡೆದ ಮುರಿತ ಮಾತ್ರ ಬೇರೆಯದೇ ಸಂಗತಿ. ಇಲ್ಲಿ ಮೂಳೆ ಕೂಡುವುದರ ಜೊತೆಗೆ ಮೇಲ್ಮೈ ಸಮವಾಗಿ, ಕಾಲು ನೇರವಾಗಿ, ಕೀಲು ಮಡಚುವಂತೆ ಕೂಡಬೇಕು.

ಮೊದಲ ರಾತ್ರಿ

ಅಂದೇ ಪ್ಲೇಟು ಹಾಕಿ ಮುಗಿಸಿಬಿಡಬೇಕೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ನಾವು ಅಂದು ಸಂಜೆ ಮಾಡಿದ್ದು ಅದಲ್ಲ. ಪೂರ್ಣ ಅರಿವಳಿಕೆ ಕೊಟ್ಟು, ತೊಡೆಮೂಳೆಗೆ ಎರಡು, ಮೊಣಕಾಲಿನಿಂದ ಸಾಕಷ್ಟು ಕೆಳಗೆ ಟಿಬಿಯಾದ ದಂಡಕ್ಕೆ ಎರಡು, ಹೀಗೆ 5 ಮಿಲಿಮೀಟರ್ ದಪ್ಪದ ನಾಲ್ಕು ಪಿನ್ನುಗಳನ್ನು ಕೂರಿಸಿ, ಕಾಲನ್ನು ಎಳೆದು ಅದರ ಮೂಲ ಉದ್ದಕ್ಕೆ ತಂದು, ಹೊರಗಿನಿಂದ ಸರಳುಗಳನ್ನು ಜೋಡಿಸಿ ಬಿಗಿದೆವು. ಇದಕ್ಕೆ ಎಕ್ಸ್‌ಟರ್ನಲ್ ಫಿಕ್ಸೇಟರ್ ಎನ್ನುತ್ತಾರೆ. ಮುರಿದ ಜಾಗವನ್ನು ಮುಟ್ಟದೆಯೇ ಮೊಣಕಾಲನ್ನು ದಾಟಿ ನಿಲ್ಲುವ ಈ ಚೌಕಟ್ಟು ಕಾಲಿನ ಉದ್ದವನ್ನು ಕಾಯುತ್ತದೆ, ನೋವನ್ನು ಇಳಿಸುತ್ತದೆ, ಊತ ಇಳಿಯಲು ಅವಕಾಶ ಕೊಡುತ್ತದೆ. ಪಿನ್ನು ಹಾಕುವಾಗ ಮುಂದೆ ಪ್ಲೇಟು ಬರುವ ಜಾಗವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪಿನ್ನಿನ ತೂತಿನಲ್ಲಿ ಕೀವು ಸೇರಿದರೆ ಅದು ಪ್ಲೇಟಿನವರೆಗೂ ಹೋಗಬಹುದು.

ಸೊಂಟಕ್ಕೆ ಸೂಜಿ ಹಾಕುವ ಅರಿವಳಿಕೆಯನ್ನೂ, ನರಕ್ಕೆ ಔಷಧ ಕೊಟ್ಟು ಕಾಲನ್ನು ಮರಗಟ್ಟಿಸುವ ವಿಧಾನವನ್ನೂ ಅಂದು ಬೇಡವೆಂದು ಅರಿವಳಿಕೆ ತಜ್ಞರೊಂದಿಗೆ ಮೊದಲೇ ಮಾತಾಡಿಕೊಂಡಿದ್ದೆವು. ಮೊಣಕಾಲಿನ ಕೆಳಗಿನ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿವೆ; ಕೋಣೆಗಳ ಸುತ್ತಲಿನ ಪೊರೆ ಗಟ್ಟಿ, ಅದು ಹಿಗ್ಗುವುದಿಲ್ಲ. ಒಳಗೆ ರಕ್ತಸ್ರಾವ, ಊತ ಹೆಚ್ಚಿದಂತೆ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂಬ ಈ ಸ್ಥಿತಿಯಲ್ಲಿ ಆರೆಂಟು ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಇದರ ಮೊದಲ ಸುಳಿವು ನೋವೇ: ಮುರಿತಕ್ಕೆ ಸಲ್ಲಬೇಕಾದದ್ದಕ್ಕಿಂತ ಮೀರಿದ, ಔಷಧಕ್ಕೆ ಬಗ್ಗದ, ಕಾಲ್ಬೆರಳನ್ನು ನಾವು ಎಳೆದಾಗ ಹೆಚ್ಚಾಗುವ ನೋವು. ಕಾಲನ್ನು ಮರಗಟ್ಟಿಸಿದರೆ ಈ ಸುಳಿವೇ ಇಲ್ಲವಾಗುತ್ತದೆ. ನಾಡಿ ಸಿಗುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಸ್ನಾಯು ಸಾಯುತ್ತಿರುವಾಗಲೂ ನಾಡಿ ಇರಬಹುದು.

ರಾತ್ರಿ ಎರಡು ಗಂಟೆಗೆ ಇವರಿಗೆ ನೋವು ಹೆಚ್ಚಾಯಿತು. ಕರ್ತವ್ಯದಲ್ಲಿದ್ದ ನರ್ಸ್ ನೋವಿನ ಇಂಜೆಕ್ಷನ್ ಕೊಟ್ಟು ಬಿಡದೆ ವೈದ್ಯರನ್ನು ಕರೆದರು. ಕಾಲಿನ ಮುಂಭಾಗದ ಕೋಣೆಯ ಒತ್ತಡ 44, ಡಯಾಸ್ಟೋಲಿಕ್ (ಕೆಳಗಿನ) ರಕ್ತದೊತ್ತಡ 84. ಎರಡರ ನಡುವಿನ ಅಂತರ 30ಕ್ಕಿಂತ ಕಡಿಮೆಯಾದರೆ ತಡಮಾಡದೆ ಪೊರೆಗಳನ್ನು ಸೀಳಿ ಒತ್ತಡ ಬಿಡಿಸಬೇಕು. ಇಲ್ಲಿ ಅಂತರ 40 ಇತ್ತು. ಸುತ್ತಿದ್ದ ಹತ್ತಿ ಬಟ್ಟೆಯನ್ನೆಲ್ಲ ಬಿಡಿಸಿ, ಕಾಲನ್ನು ಎದೆಯ ಮಟ್ಟದಲ್ಲೇ ಇರಿಸಿ, ಗಂಟೆಗೊಮ್ಮೆ ಪರೀಕ್ಷಿಸುತ್ತ ಹೋದೆವು. ಅತಿ ಎತ್ತರಕ್ಕೆ ಏರಿಸಿದರೆ ಮೊದಲೇ ಕಡಿಮೆಯಾಗಿರುವ ರಕ್ತಸಂಚಾರ ಇನ್ನೂ ಕುಗ್ಗುತ್ತದೆ. ಬೆಳಗಾಗುವಾಗ ನೋವು ಇಳಿದಿತ್ತು, ಬೆರಳುಗಳು ಚಲಿಸುತ್ತಿದ್ದವು.

ಕಾದ ದಿನಗಳು

ಮೂರನೆಯ ದಿನ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಗುಳ್ಳೆಗಳೆದ್ದವು. ಕೆಲವು ತಿಳಿನೀರಿನವು, ಎರಡು ರಕ್ತ ತುಂಬಿದವು. ತಿಳಿನೀರಿನ ಗುಳ್ಳೆ ಚರ್ಮದ ಮೇಲುಪದರಕ್ಕಾದ ಪೆಟ್ಟನ್ನು ಹೇಳುತ್ತದೆ. ರಕ್ತದ ಗುಳ್ಳೆಯೆಂದರೆ ಪೆಟ್ಟು ಆಳಕ್ಕೆ ಹೋಗಿದೆ ಎಂದರ್ಥ. ಅದರ ಮೇಲೆ ಹಾಯಿಸಿ ಚರ್ಮ ಕೊಯ್ದರೆ ಗಾಯದ ಅಂಚು ಕಪ್ಪಾಗಿ ಸತ್ತು, ಕೆಳಗಿನ ಪ್ಲೇಟು ಬಯಲಾಗುವ ಅಪಾಯವಿದೆ. ಟಿಬಿಯಾದ ಈ ಭಾಗದಲ್ಲಿ, ಅದರಲ್ಲೂ ಒಳಬದಿಯಲ್ಲಿ, ಮೂಳೆಗೂ ಚರ್ಮಕ್ಕೂ ನಡುವೆ ಮಾಂಸದ ಹೊದಿಕೆ ಇಲ್ಲವೆನ್ನುವಷ್ಟು ತೆಳು. ಹಿಂದೆ ಇಂಥ ಮುರಿತಗಳನ್ನು ಊತವಿರುವಾಗಲೇ, ಮೊಣಕಾಲಿನ ನಟ್ಟನಡುವೆ ಒಂದೇ ಉದ್ದ ಗಾಯ ಮಾಡಿ, ಎರಡೂ ಬದಿಯ ಚರ್ಮವನ್ನು ಎಬ್ಬಿಸಿ, ಎರಡು ಪ್ಲೇಟು ಕೂರಿಸುತ್ತಿದ್ದ ಕಾಲವಿತ್ತು. ಚರ್ಮ ಸತ್ತು, ಕೀವಾಗಿ, ಮೂಳೆಯೂ ಕೂಡದೆ, ಕೊನೆಗೆ ಕಾಲನ್ನೇ ಕಳೆದುಕೊಂಡವರ ಅನುಭವದಿಂದ ಶಸ್ತ್ರವೈದ್ಯರು ಕಲಿತ ಪಾಠವೇ ಈಗಿನ ಎರಡು ಹಂತದ ಕ್ರಮ. ಊತ ಇಳಿದ ಮೇಲೆ, ಎರಡು ಬೇರೆ ಬೇರೆ ಗಾಯಗಳ ಮೂಲಕ ಪ್ಲೇಟು ಹಾಕಿದ 83 ರೋಗಿಗಳ ಬಗ್ಗೆ ಅಮೆರಿಕದ ಸಿಯಾಟಲ್‌ನಿಂದ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಆಳದ ಸೋಂಕು ಶೇ. 8.4ರಷ್ಟಿತ್ತು. ಇಷ್ಟು ಎಚ್ಚರ ವಹಿಸಿದ ಮೇಲೂ ಹನ್ನೆರಡರಲ್ಲಿ ಒಬ್ಬರಿಗೆ ಸೋಂಕು ಎಂದರೆ, ಅವಸರಪಟ್ಟರೆ ಏನಾಗಬಹುದು ಎಂದು ಊಹಿಸಿಕೊಳ್ಳಬಹುದು.

ಇದನ್ನು ಮನೆಯವರಿಗೆ ತಿಳಿಸಿ ಒಪ್ಪಿಸುವುದು ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾದ ಕೆಲಸವೆಂದು ನಾನು ಭಾವಿಸುತ್ತೇನೆ. ವಾರ ಕಳೆಯುವ ಹೊತ್ತಿಗೆ ರೋಗಿಯ ಹೆಂಡತಿಯ ಅಣ್ಣ ಎಕ್ಸ್‌ರೇ ಹಿಡಿದುಕೊಂಡು ಬಂದು ಕೇಳಿದರು: "ಡಾಕ್ಟ್ರೇ, ಬಾವನ ಮೂಳೆ ತುಂಡಾಗಿ ವಾರ ಆಯಿತು. ಹೀಗೇ ಇಟ್ಟರೆ ವಕ್ರ ಕೂಡುವುದಿಲ್ಲವಾ? ಮಂಗಳೂರಿಗೆ ಕೊಂಡುಹೋಗುವುದಾ?" ಪ್ರಶ್ನೆ ನ್ಯಾಯವಾದದ್ದೇ. ಮಂಗಳೂರು ಇಲ್ಲಿಂದ 50 ಕಿಲೋಮೀಟರ್, ದೊಡ್ಡ ಕಾಯಿಲೆಯೆಂದರೆ ಗಡಿಯ ತಲಪಾಡಿ ದಾಟುವುದು ಈ ಜಿಲ್ಲೆಯವರಿಗೆ ಹಿಂದಿನಿಂದ ಬಂದ ಅಭ್ಯಾಸ. ಅವರನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಎರಡೂ ಕಾಲುಗಳ ಚರ್ಮವನ್ನು ತೋರಿಸಿದೆ. ಬಲಗಾಲಿನ ಚರ್ಮವನ್ನು ಬೆರಳುಗಳ ನಡುವೆ ಒತ್ತಿದರೆ ನಿರಿಗೆ ಬೀಳುತ್ತಿತ್ತು. ಎಡಗಾಲಿನದು ಬಿಗಿದೇ ಇತ್ತು. ಎಡಗಾಲಿನ ಚರ್ಮವೂ ಹೀಗೆ ನಿರಿಗೆಯಾದ ದಿನ ಶಸ್ತ್ರಚಿಕಿತ್ಸೆ, ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು, ಮೂರು ವಾರದೊಳಗೆ ಆದರೆ ತುಂಡುಗಳು ಇನ್ನೂ ಅಂಟಿಕೊಂಡಿರುವುದಿಲ್ಲ, ಅಷ್ಟರವರೆಗೆ ಕಾಲಿನ ಉದ್ದವನ್ನು ಹೊರಗಿನ ಚೌಕಟ್ಟು ಹಿಡಿದಿರುತ್ತದೆ ಎಂದು ವಿವರಿಸಿದೆ. ಮರುದಿನದಿಂದ ಅವರೇ ಬೆಳಗ್ಗೆ ಬಂದು ಚರ್ಮ ನೋಡತೊಡಗಿದರು. ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು. ಗಡಿಯ ಈಚೆಯ ಕನ್ನಡಿಗರಿಗೆ ಇದು ಹೊಸದಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವುದು, ನರಕ್ಕೆ ಪೆಟ್ಟು, ಕೀಲು ಬಿಗಿಯಾಗುವುದು, ಮುಂದೆ ಸಂಧಿವಾತ, ಇಷ್ಟನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರು ಏನು ಅರ್ಥ ಮಾಡಿಕೊಂಡಿದ್ದಾರೆಂದು ಅವರ ಬಾಯಿಂದಲೇ ಕೇಳಿದ ಮೇಲೆ ಸಹಿ ಪಡೆದೆವು.

ಈ ದಿನಗಳಲ್ಲಿ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಹತೋಟಿಗೆ ತಂದೆವು. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಎನಾಕ್ಸಪಾರಿನ್ ಇಂಜೆಕ್ಷನ್, ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ, ದಿನಕ್ಕೆರಡು ಬಾರಿ ಪಿನ್ನುಗಳ ಬುಡವನ್ನು ಸ್ವಚ್ಛ ಮಾಡುವುದು, ಗುಳ್ಳೆಗಳ ಮೇಲೆ ಅಂಟದ ಬಟ್ಟೆಯ ಕಟ್ಟು ನಡೆದವು.

ಸಿ.ಟಿ. ಸ್ಕ್ಯಾನ್ ತಿಳಿಸಿದ್ದು

ಸ್ಕ್ಯಾನನ್ನು ಚೌಕಟ್ಟು ಹಾಕಿದ ನಂತರವೇ ತೆಗೆಸಿದ್ದೆವು. ಮೂಳೆ ಕುಗ್ಗಿ ತುಂಡುಗಳು ಒಂದರೊಳಗೊಂದು ನುಗ್ಗಿರುವಾಗ ತೆಗೆದ ಚಿತ್ರದಿಂದ ಯೋಜನೆ ಮಾಡುವುದು ಕಷ್ಟ. ಎಳೆದು ನಿಲ್ಲಿಸಿದ ಮೇಲೆ ಯಾವ ತುಂಡು ತಾನಾಗಿ ಜಾಗಕ್ಕೆ ಬಂದಿದೆ, ಯಾವುದು ಬಂದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹೊರಬದಿಯ ಮೇಲ್ಮೈ 11 ಮಿಲಿಮೀಟರ್ ಕುಸಿದಿತ್ತು. ಎಕ್ಸ್‌ರೇಯಲ್ಲಿ ಕಾಣದಿದ್ದ ಒಂದು ಸಂಗತಿಯೂ ಬೆಳಕಿಗೆ ಬಂತು: ಒಳಬದಿಯ ಹಿಂಭಾಗದಲ್ಲಿ ದೊಡ್ಡದೊಂದು ತುಂಡು ಉದ್ದುದ್ದಕ್ಕೆ ಸೀಳಿ, ಹಿಂದಕ್ಕೂ ಕೆಳಕ್ಕೂ ಜಾರಿತ್ತು. ಮೊಣಕಾಲು ಮಡಚಿದಾಗ ತೊಡೆಮೂಳೆಯ ಭಾರ ಬೀಳುವುದು ಈ ಹಿಂಭಾಗದ ಮೇಲೆಯೇ. ಶಾಂಘೈನ ಲೂವೋ ಮತ್ತು ಸಂಗಡಿಗರು 2010ರಲ್ಲಿ ಟಿಬಿಯಾದ ತಲೆಯನ್ನು ಒಳ, ಹೊರ, ಹಿಂದಿನ ಎಂದು ಮೂರು ಕಂಬಗಳಾಗಿ ನೋಡುವ ಕ್ರಮವನ್ನು ಮುಂದಿಟ್ಟದ್ದು ಇಂಥ ತುಂಡುಗಳು ಕಣ್ತಪ್ಪದಿರಲೆಂದೇ. ಹೊರಬದಿಯಿಂದ ಹಾಕುವ ಪ್ಲೇಟು ಎಷ್ಟೇ ಗಟ್ಟಿಯಾಗಿರಲಿ, ಅದರ ಸ್ಕ್ರೂಗಳು ಈ ಹಿಂದಿನ ತುಂಡನ್ನು ಸರಿಯಾಗಿ ಹಿಡಿಯಲಾರವು. ಅದಕ್ಕೆ ಹಿಂದಿನಿಂದಲೇ ಒತ್ತುಕೊಡುವ ಪ್ಲೇಟು ಬೇಕು. ಹೀಗಾಗಿ ಎರಡು ಗಾಯ, ಎರಡು ಪ್ಲೇಟು ಎಂದು ನಿಶ್ಚಯಿಸಿದೆವು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಸೋವಿಯತ್ ರಷ್ಯಾದ ಕುರ್ಗಾನ್‌ನಲ್ಲಿ ಇಲಿಜಾರೋವ್ ರೂಪಿಸಿದ ಬಳೆಚೌಕಟ್ಟಿನಿಂದ, ಸಣ್ಣ ತೂತುಗಳ ಮೂಲಕವೇ ಸ್ಕ್ರೂ ಹಾಕಿ ಈ ಮುರಿತಗಳನ್ನು ಹಿಡಿಯಬಹುದು. ಕೆನಡಾದ ಮೂಳೆತಜ್ಞರ ಗುಂಪು 2006ರಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದಾಗ, ಎರಡು ವರ್ಷದ ಕೊನೆಗೆ ಕಾಲಿನ ಉಪಯೋಗದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ತೀವ್ರ ತೊಡಕುಗಳು ಬಳೆಚೌಕಟ್ಟಿನಲ್ಲಿ ಕಡಿಮೆಯಿದ್ದವು. ಚರ್ಮ ಸುಧಾರಿಸದೆ ಹೋಗಿದ್ದರೆ ನಾವೂ ಅದನ್ನೇ ಆರಿಸುತ್ತಿದ್ದೆವು. ಆದರೆ 11 ಮಿಲಿಮೀಟರ್ ಕುಸಿತವನ್ನೂ ಹಿಂದಿನ ತುಂಡನ್ನೂ ಕಣ್ಣಿಂದ ನೋಡಿ ಸರಿಪಡಿಸುವುದೇ ಒಳ್ಳೆಯದೆಂದು ನಮಗೆ ಅನಿಸಿತು. ಸಕ್ಕರೆ ಕಾಯಿಲೆಯಿರುವವರು ತಂತಿ ಚುಚ್ಚಿದ ಹಲವು ತೂತುಗಳನ್ನು ಮಳೆಗಾಲದಲ್ಲಿ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಒಣಗಿಸಿ ಇಟ್ಟುಕೊಳ್ಳುವುದು ಸುಲಭವಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು.

ಶಸ್ತ್ರಚಿಕಿತ್ಸೆ

ಹನ್ನೆರಡನೆಯ ದಿನ ಚರ್ಮದಲ್ಲಿ ನಿರಿಗೆ ಕಂಡಿತು, ತಿಳಿನೀರಿನ ಗುಳ್ಳೆಗಳು ಒಣಗಿದ್ದವು, ರಕ್ತದ ಗುಳ್ಳೆಗಳ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. ಮರುದಿನ ಶಸ್ತ್ರಚಿಕಿತ್ಸೆ ಮಾಡಿದೆವು. ಚರ್ಮ ಕೊಯ್ಯುವ ಮುನ್ನ ಸೋಂಕು ತಡೆಯುವ ಸೆಫಜೋಲಿನ್ ಮತ್ತು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟೆವು. ಎರಡು ಗಾಯಗಳ ಗೆರೆಗಳನ್ನು ಮೊದಲೇ ಎಳೆದು, ಅವುಗಳ ನಡುವೆ 7 ಸೆಂಟಿಮೀಟರಿಗಿಂತ ಹೆಚ್ಚು ಅಗಲದ ಚರ್ಮ ಉಳಿಯುವಂತೆ ನೋಡಿಕೊಂಡೆವು. ಅದಕ್ಕಿಂತ ಕಿರಿದಾದರೆ ನಡುವಿನ ಚರ್ಮಕ್ಕೆ ರಕ್ತ ಸಾಲುವುದಿಲ್ಲ.

ಮೊದಲು ಒಳಬದಿಯ ಹಿಂಭಾಗ. ಅಲ್ಲಿನ ತುಂಡು ದೊಡ್ಡದು, ಅದರ ಅಂಚುಗಳು ಪುಡಿಯಾಗಿಲ್ಲ. ಅದನ್ನು ತನ್ನ ಜಾಗಕ್ಕೆ ಕೂರಿಸಿದರೆ ಕಾಲಿನ ಉದ್ದವೂ ನೇರವೂ ಸಿಗುತ್ತವೆ, ಪುಡಿಯಾದ ಹೊರಬದಿಯನ್ನು ಅದರ ಅಳತೆಗೆ ಕಟ್ಟಬಹುದು. ಸಫೀನಸ್ ನರ ಮತ್ತು ಅಭಿಧಮನಿಯನ್ನು ಬದಿಗಿರಿಸಿ, ಮೀನಖಂಡದ ಸ್ನಾಯುವನ್ನು ಹಿಂದಕ್ಕೆ ಸರಿಸಿ, ಜಾರಿದ ತುಂಡಿನ ಕೆಳತುದಿಯನ್ನು ಕಂಡೆವು. ಮೊಣಕಾಲನ್ನು ನೇರ ಮಾಡುತ್ತಿದ್ದಂತೆ ತುಂಡು ಮೇಲಕ್ಕೆ ಬಂತು. ಕೆಳತುದಿಯ ಕೋನಕ್ಕೆ ಪ್ಲೇಟನ್ನು ಒತ್ತಿ ಮೊದಲ ಸ್ಕ್ರೂ ಬಿಗಿದಾಗ, ತುಂಡು ಮತ್ತೆ ಕೆಳಗೆ ಜಾರಲು ದಾರಿಯಿಲ್ಲದಂತಾಯಿತು. ಮೇಲಿನ ಸ್ಕ್ರೂಗಳನ್ನು ಈ ಹಂತದಲ್ಲಿ ಗಿಡ್ಡವಾಗಿಯೇ ಇಟ್ಟೆವು, ಹೊರಬದಿಯ ತುಂಡುಗಳನ್ನು ಎತ್ತುವಾಗ ಅವು ಅಡ್ಡಬರಬಾರದು.

ಹೊರಬದಿಯಲ್ಲಿ, ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ಸಿನ ಕೆಳಗಿನಿಂದ ಕೀಲನ್ನು ತೆರೆದೆವು. ಮೆನಿಸ್ಕಸ್ ಅಂಚಿನಲ್ಲಿ ಕಿತ್ತುಬಂದಿತ್ತು. ಈ ಮುರಿತಗಳಲ್ಲಿ ಅದು ಅಪರೂಪವಲ್ಲ. ಅದನ್ನು ಕತ್ತರಿಸಿ ತೆಗೆಯದೆ ದಾರ ಹಾಕಿ ಎತ್ತಿಹಿಡಿದು, ಕೊನೆಯಲ್ಲಿ ಅದರ ಜಾಗಕ್ಕೇ ಹೊಲಿದೆವು. ಮುಂದೆ ಮೃದ್ವಸ್ಥಿ ಉಳಿಯುವುದು ಮೆನಿಸ್ಕಸ್ ಉಳಿದರೆ ತಾನೆ. ಒಡೆದ ಹೊರಗೋಡೆಯನ್ನು ಪುಸ್ತಕದ ಹೊದಿಕೆ ತೆರೆಯುವ ರೀತಿಯಲ್ಲಿ ಬದಿಗೆ ಸರಿಸದೆ, ಅದರ ಕೆಳಗಿನ ಸಂದಿಯಿಂದಲೇ ಚಪ್ಪಟೆ ತುದಿಯ ಉಪಕರಣವನ್ನು ತೂರಿಸಿ, ಕುಸಿದ ಮೇಲ್ಮೈಯನ್ನು ಅದರ ಅಡಿಯ ಮೂಳೆಯ ಸಮೇತ ನಿಧಾನವಾಗಿ ಮೇಲಕ್ಕೆ ತಟ್ಟುತ್ತ ಬಂದೆವು. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಎತ್ತಹೋದರೆ ಮೃದ್ವಸ್ಥಿ ಸಡಿಲವಾಗುತ್ತದೆ. ಮೇಲ್ಮೈ ಸಮವಾದಾಗ ಅದರ ಕೆಳಗೆ ಖಾಲಿ ಜಾಗ ಉಳಿಯಿತು. ರೋಗಿಯ ಸೊಂಟದ ಮೂಳೆಯಿಂದಲೇ ತೆಗೆದ ಮೂಳೆಚೂರುಗಳನ್ನು ಅದರೊಳಗೆ ಒತ್ತಿ ತುಂಬಿದೆವು. ಮೇಲ್ಮೈಯ ಸರಿ ಕೆಳಗೆ ಒಂದರ ಪಕ್ಕ ಒಂದರಂತೆ 3.5 ಮಿಲಿಮೀಟರಿನ ನಾಲ್ಕು ಸ್ಕ್ರೂಗಳು ಸಾಲಾಗಿ ಬರುವಂತೆ, ಹೊರಬದಿಗೆ, ಸ್ಕ್ರೂಗಳ ತಲೆ ತನ್ನಲ್ಲೇ ಬಿಗಿದುಕೊಳ್ಳುವ ಲಾಕಿಂಗ್ ಪ್ಲೇಟನ್ನು ಸ್ನಾಯುವಿನ ಅಡಿಯಲ್ಲಿ ಜಾರಿಸಿ ಕೂರಿಸಿದೆವು. ಕೆಳಗಿನ ಸ್ಕ್ರೂಗಳನ್ನು ಸಣ್ಣ ತೂತುಗಳಿಂದ ಹಾಕಿದೆವು. ಟಿಬಿಯಾದ ತಲೆಯ ಕೆಳಗೆ ಪುಡಿಯಾಗಿದ್ದ ಕುತ್ತಿಗೆ ಭಾಗವನ್ನು ತೆರೆಯಲೇ ಇಲ್ಲ. ಅಲ್ಲಿನ ತುಂಡುಗಳಿಗೆ ರಕ್ತ ಬರುವುದು ಅಂಟಿಕೊಂಡ ಮಾಂಸದಿಂದ, ಅಂದಕ್ಕಾಗಿ ಅವುಗಳನ್ನು ಜೋಡಿಸಹೋದರೆ ಮೂಳೆ ಕೂಡುವುದೇ ನಿಧಾನವಾಗುತ್ತದೆ. ಕೊನೆಯಲ್ಲಿ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಎರಡೂ ದಿಕ್ಕಿನಿಂದ ನೋಡಿ, ಮೊಣಕಾಲನ್ನು ಬದಿಗೊತ್ತಿ ಅಸ್ಥಿರಜ್ಜುಗಳು ಗಟ್ಟಿಯಿವೆಯೆಂದು ಪರೀಕ್ಷಿಸಿ, ಹೊರಗಿನ ಚೌಕಟ್ಟನ್ನು ತೆಗೆದೆವು. ಚರ್ಮವನ್ನು ಎಳೆತವಿಲ್ಲದೆ ಮುಚ್ಚಲು ಸಾಧ್ಯವಾಯಿತು. ಕಾದ ದಿನಗಳ ಫಲ ಇದೇ.

ಮನೆಗೆ ಹೋದ ಮೇಲೆ

ಮರುದಿನವೇ ತೊಡೆಯ ಸ್ನಾಯುಗಳನ್ನು ಬಿಗಿಹಿಡಿಯುವ ವ್ಯಾಯಾಮ, ಎರಡನೆಯ ದಿನದಿಂದ ಮೊಣಕಾಲು ಮಡಚುವುದು ಆರಂಭವಾಯಿತು. ಹೊರಬದಿಯ ಗಾಯದ ಒಂದು ಸೆಂಟಿಮೀಟರಿನಷ್ಟು ಅಂಚು ಕಪ್ಪಾಯಿತು. ಅದು ರಕ್ತದ ಗುಳ್ಳೆಯಿದ್ದ ಜಾಗದ ಪಕ್ಕ. ಕೀವಾಗಲಿಲ್ಲ, ಕಟ್ಟು ಬದಲಿಸುತ್ತ ಮೂರು ವಾರದಲ್ಲಿ ಮಾಗಿತು.

ಮಡಚಬೇಕು, ಆದರೆ ಊರಬಾರದು. ಈ ಎರಡು ಸೂಚನೆಗಳನ್ನು ಒಟ್ಟಿಗೆ ಪಾಲಿಸುವುದು ಜನರಿಗೆ ಕಷ್ಟ. ಮಡಚದಿದ್ದರೆ ಕೀಲು ಬಿಗಿಯಾಗುತ್ತದೆ. ಹತ್ತು ವಾರಕ್ಕೆ ಮುಂಚೆ ಭಾರ ಹಾಕಿದರೆ ಎತ್ತಿ ಕೂರಿಸಿದ ಮೇಲ್ಮೈ ಮತ್ತೆ ಕುಸಿಯಬಹುದು. ಮನೆಯ ವಿಚಾರ ಕೇಳಿದಾಗ ಕಚ್ಚಾ ರಸ್ತೆಯಿಂದ ಅಂಗಳಕ್ಕೆ ಇಳಿಜಾರು, ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ ಮನೆಯ ಹೊರಗೆ ಎಂದು ತಿಳಿಯಿತು. ಬಿಡುಗಡೆಯ ಚೀಟಿಯಲ್ಲಿ ಔಷಧಗಳ ಪಟ್ಟಿ ಬರೆದು ಕೈತೊಳೆದುಕೊಳ್ಳುವುದರಿಂದ ಇಂಥ ಮನೆಯಲ್ಲಿ ಏನೂ ಆಗುವುದಿಲ್ಲ. ಫಿಸಿಯೋಥೆರಪಿಸ್ಟ್, ರೋಗಿಯ ಹೆಂಡತಿಗೂ ಹೆಂಡತಿಯ ಅಣ್ಣನಿಗೂ ವಾಕರ್ ಹಿಡಿದು ಒಂದೇ ಕಾಲಿನಲ್ಲಿ ಮೆಟ್ಟಿಲು ಹತ್ತಿಸುವ ಕ್ರಮವನ್ನು ಆಸ್ಪತ್ರೆಯ ಮೆಟ್ಟಿಲಿನಲ್ಲೇ ಕಲಿಸಿದರು. ಕಮೋಡ್ ಕುರ್ಚಿಯನ್ನು ಬಾಡಿಗೆಗೆ ತಂದರು. ಮಂಚದ ತುದಿಯಲ್ಲಿ ಕುಳಿತು ಕಾಲನ್ನು ಇಳಿಬಿಟ್ಟು, ಬಲಗಾಲಿನಿಂದ ಎಡಗಾಲನ್ನು ಹಿಂದಕ್ಕೆ ಒತ್ತುವುದು ಮನೆಯಲ್ಲಿ ಮಾಡಲು ಎಲ್ಲಕ್ಕಿಂತ ಸುಲಭವಾದ ಮಡಚುವ ವ್ಯಾಯಾಮ. ದಿನಕ್ಕೆ ಹಲವು ಸಲ ಮಾಡಬೇಕು. ಎಣ್ಣೆ ಹಚ್ಚಿ ತಿಕ್ಕಿಸುವುದು, ಬಲವಂತವಾಗಿ ಮಡಚಿಸುವುದು ಬೇಡವೆಂದು ಒತ್ತಿ ಹೇಳಿದೆವು.

ಹತ್ತು ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡುವ ಲಕ್ಷಣ ಕಂಡ ಮೇಲೆ ಸ್ವಲ್ಪ ಸ್ವಲ್ಪ ಭಾರ ಹಾಕಲು ಅನುಮತಿ ಕೊಟ್ಟೆವು. ಐದನೆಯ ತಿಂಗಳಲ್ಲಿ ಊರುಗೋಲಿಲ್ಲದೆ ನಡೆದರು. ವರ್ಷ ತುಂಬಿದಾಗ ಮೊಣಕಾಲು ಪೂರ್ತಿ ನೇರವಾಗುತ್ತಿತ್ತು, 115 ಡಿಗ್ರಿವರೆಗೆ ಮಡಚುತ್ತಿತ್ತು. ಕಾಲು ನೇರವಾಗಿದೆ, ಮೂಳೆ ಪೂರ್ಣ ಕೂಡಿದೆ. ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲ, ಇಳಿಜಾರು ಇಳಿಯುವಾಗ ಹೊರಬದಿಯಲ್ಲಿ ನೋವಿದೆ. ಮತ್ತೆ ಮರ ಹತ್ತಬಹುದೇ ಎಂದು ಅವರು ಕೇಳಿದಾಗ ಬೇಡವೆಂದೇ ಹೇಳಬೇಕಾಯಿತು. ಈಗ ಅವರು ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತು ಮದ್ದು ಬಿಡುತ್ತಾರೆ, ಗೊನೆ ಕೊಯ್ಯುತ್ತಾರೆ. ಸಕ್ಕರೆಗೆ ಮಾತ್ರೆ ನಡೆಯುತ್ತಿದೆ.

ವರ್ಷದ ಎಕ್ಸ್‌ರೇಯಲ್ಲಿ ಹೊರಬದಿಯ ಕೀಲುಸಂದಿ ಬಲಗಾಲಿನದಕ್ಕಿಂತ ಸ್ವಲ್ಪ ಕಿರಿದಾಗಿ ಕಾಣುತ್ತದೆ. ಪೆಟ್ಟಿನ ಕ್ಷಣದಲ್ಲೇ ಮೃದ್ವಸ್ಥಿಯ ಜೀವಕೋಶಗಳು ಸತ್ತಿದ್ದರೆ, ಮೇಲ್ಮೈಯನ್ನು ಎಷ್ಟು ಸಮವಾಗಿ ಕೂರಿಸಿದರೂ ಮುಂದೆ ಸಂಧಿವಾತ ಬರಬಹುದೆಂದು ಅವರಿಗೆ ಹೇಳಿದ್ದೇವೆ. ಪ್ಲೇಟುಗಳು ತೊಂದರೆ ಕೊಡುತ್ತಿಲ್ಲ, ತೆಗೆಯುವ ಅಗತ್ಯವಿಲ್ಲ. ಹತ್ತಿಪ್ಪತ್ತು ವರ್ಷಗಳಲ್ಲಿ ಕೀಲು ಬದಲಿಸಬೇಕಾಗಿ ಬಂದರೆ, ಆಗ ಚರ್ಮವನ್ನು ಎಲ್ಲಿ ಕೊಯ್ಯಬೇಕೆಂದು ತೀರ್ಮಾನಿಸುವವರಿಗೆ ಈ ಎರಡು ಗಾಯಗಳು ಎಲ್ಲಿವೆ, ಎಷ್ಟು ಉದ್ದವಿವೆ, ನಡುವೆ ಎಷ್ಟು ಅಗಲವಿದೆ, ಯಾವ ಅಂಚು ಕಪ್ಪಾಗಿತ್ತು ಎಂಬ ವಿವರ ಬೇಕಾಗುತ್ತದೆ. ಅದನ್ನು ಚಿತ್ರ ಸಮೇತ ಬರೆದು, ಪ್ಲೇಟುಗಳ ವಿವರವನ್ನೂ ಸೇರಿಸಿ, ಅವರ ಕಡತದ ಮೊದಲ ಪುಟದಲ್ಲಿ ಇರಿಸಿ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟಿದ್ದೇವೆ. ಮುಂದಿನ ಎಕ್ಸ್‌ರೇ ಎರಡನೆಯ ವರ್ಷದ ಕೊನೆಗೆ.